ಮೂವರ ಪಾಲು ಹಾಡಿದ ಶರೋನ್

1996ರಲ್ಲಿ ನ್ಯೂಯಾರ್ಕಿನಲ್ಲಿ ಲೀ ಫೀಲ್ಡ್ಸ್ ಎಂಬ ಗಾಯಕನ ಧ್ವನಿಮುದ್ರಣ. ಹಿಮ್ಮೇಳಕ್ಕೆ ಮೂವರು ಗಾಯಕಿಯರನ್ನು ಕರೆದಿದ್ದರು. ಬಂದವರು ಒಬ್ಬರೇ, ಶರೋನ್ ಜೋನ್ಸ್. ಉಳಿದಿಬ್ಬರ ಪಾಲನ್ನೂ ಆಕೆಯೇ ಹಾಡಿ ಮುಗಿಸಿದರು.

ಒಂದೇ ಕಂಠ ಮೂರಾಗುವುದು ಹೇಗೆ? ಮೈಕು ಧ್ವನಿಯ ಕಂಪನಗಳನ್ನು ವಿದ್ಯುತ್ತಿನ ಏರಿಳಿತಗಳಾಗಿ ಬದಲಾಯಿಸುತ್ತದೆ. ಅದಕ್ಕೆ ತಕ್ಕಂತೆ ಟೇಪಿಗೆ ಲೇಪಿಸಿದ ಕಣಗಳು ಕಾಂತತ್ವ ಪಡೆಯುತ್ತವೆ. ಸ್ಟುಡಿಯೋ ಟೇಪಿನಲ್ಲಿ ಹೊಲದ ಸಾಲುಗಳಂತೆ ಪಕ್ಕಪಕ್ಕದಲ್ಲಿ ಹಲವು ಪಥಗಳಿರುತ್ತವೆ. ಮೊದಲ ಪಥದಲ್ಲಿ ಹಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಎರಡನೆಯದರಲ್ಲಿ ಬೇರೆ ಸ್ವರದಲ್ಲಿ ಹಾಡಬಹುದು, ಅನಂತರ ಮೂರನೆಯದರಲ್ಲಿ. ಯಂತ್ರ ಮಾಡುವುದು ಇಷ್ಟೇ. ಮೂರನ್ನೂ ಶ್ರುತಿ-ತಾಳ ತಪ್ಪದೆ ಕೂಡಿಸುವುದು ಗಾಯಕಿಯ ಹೊಣೆ.

ಚರ್ಚಿನ ಭಕ್ತಿಗೀತೆಗಳ ಆವೇಶವೂ 'ರಿದಮ್ ಅಂಡ್ ಬ್ಲೂಸ್' ತಾಳವೂ ಬೆರೆತ, ಅಮೆರಿಕದ ಕಪ್ಪುಜನರ ಸಂಗೀತವೇ 'ಸೋಲ್'. 1956ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಶರೋನ್ ಹಾಡಲು ಕಲಿತದ್ದೂ ಚರ್ಚಿನಲ್ಲೇ. ಆದರೆ ದೊಡ್ಡ ರೆಕಾರ್ಡ್ ಕಂಪನಿಯವರಿಗೆ ಆಕೆ ಕುಳ್ಳಿ, ದಪ್ಪ, ಕಪ್ಪು, ವಯಸ್ಸಾದವಳು. ಕಂಠದ ಮಾತೇ ಇಲ್ಲ! ಹೊಟ್ಟೆಪಾಡಿಗಾಗಿ ಆಕೆ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಕಾವಲುಗಾರ್ತಿಯಾದರು. ಹಣ ಸಾಗಿಸುವ ಬ್ಯಾಂಕಿನ ಗಾಡಿಗೂ ಕಾವಲಿದ್ದರು. ಜೊತೆಗೆ ಚರ್ಚು, ಮದುವೆಮನೆಗಳಲ್ಲಿ ಹಾಡು. ತಂದೆತಾಯಂದಿರು ಗಮನಿಸಬೇಕು: ಆಕೆ ನೌಕರಿಯನ್ನು ಹೀಗಳೆಯಲಿಲ್ಲ, ಹಾಡನ್ನೂ ಬಿಡಲಿಲ್ಲ.

ಮೊದಲ ಆಲ್ಬಂ ಬಂದದ್ದು 2002ರಲ್ಲಿ, 46ರ ವಯಸ್ಸಿನಲ್ಲಿ. ಹೊರತಂದದ್ದು ಬ್ರೂಕ್ಲಿನ್ನಿನ 'ಡ್ಯಾಪ್ಟೋನ್' ಎಂಬ ಚಿಕ್ಕ ಸಂಸ್ಥೆ. ಕಂಪ್ಯೂಟರ್ ಯುಗದಲ್ಲೂ ಅವರು ಟೇಪನ್ನೇ ನೆಚ್ಚಿಕೊಂಡಿದ್ದರು. ವಾದ್ಯತಂಡ 'ಡ್ಯಾಪ್-ಕಿಂಗ್ಸ್'. 2006ರಲ್ಲಿ ಇಂಗ್ಲೆಂಡಿನ ತರುಣಿ ಆಮಿ ವೈನ್‌ಹೌಸ್‌ಳ 'ಬ್ಯಾಕ್ ಟು ಬ್ಲ್ಯಾಕ್' ಆಲ್ಬಂನ ಹಲವು ಹಾಡುಗಳಿಗೆ ನುಡಿಸಿದ್ದೂ ಇದೇ ತಂಡ. 2008ರಲ್ಲಿ ಆಮಿಗೆ 5 ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಆಮಿಯ ಪ್ರತಿಭೆ ದೊಡ್ಡದೇ, ಸಂಶಯವಿಲ್ಲ. ಆದರೆ ಆ ತಂಡದ ಮುಂದೆ ವರ್ಷಗಟ್ಟಲೆ ನಿಂತು ಹಾಡಿದ ಶರೋನ್‌ಗೆ ಕೊನೆಯವರೆಗೂ ಒಂದು ಗ್ರ್ಯಾಮಿಯೂ ಸಿಗಲಿಲ್ಲ. 2014ರ ಆಲ್ಬಂಗೆ ನಾಮಕರಣ ಮಾತ್ರ ದೊರೆಯಿತು.

2013ರಲ್ಲೇ ಆಕೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಗಿತ್ತು. ಚಿಕಿತ್ಸೆಯಿಂದ ಕೂದಲು ಉದುರಿದರೂ ಟೋಪನ್ ಇಲ್ಲದೆ ಬೋಳುತಲೆಯಲ್ಲೇ ವೇದಿಕೆಗೆ ಬಂದು ಹಾಡಿ ಕುಣಿದರು. ಈ ಹೋರಾಟವನ್ನು ಬಾರ್ಬರಾ ಕೊಪ್ಪಲ್ 2015ರ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದಿದ್ದಾರೆ. 2016ರ ನವೆಂಬರ್ 18ರಂದು ಶರೋನ್ ತೀರಿಕೊಂಡರು. ಚಿಕಿತ್ಸೆಯ ನಡುವೆ ಬಿಡುವಾದಾಗಲೆಲ್ಲ ಸ್ಟುಡಿಯೋಗೆ ಬಂದು ಹಾಡಿಟ್ಟಿದ್ದ ಹಾಡುಗಳು ಮರುವರ್ಷ 'ಸೋಲ್ ಆಫ್ ಎ ವುಮನ್' ಎಂಬ ಹೆಸರಿನಲ್ಲಿ ಹೊರಬಂದವು.