ಕರೆಯ ನಕ್ಷೆ ಕೇಳುವವರ ಪ್ರಶ್ನೆಯಿಂದ ಶುರುವಾಗಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಆಸ್ಪತ್ರೆ, ಸಹಕಾರಿ ಸಂಘ, ವಸತಿಗೃಹ, ಗೇರುಬೀಜ ಕಾರ್ಖಾನೆಗಳಿಗೆ ಸ್ವಯಂಚಾಲಿತ ಕರೆ ವ್ಯವಸ್ಥೆ ಈಗ ಕೈಗೆಟುಕದ ವಸ್ತುವೇನಲ್ಲ. ತಿಂಗಳ ಬಾಡಿಗೆಗೆ ಕ್ಲೌಡ್ ಸೇವೆ ಸಿಗುತ್ತದೆ. ಯಂತ್ರ ಸಲೀಸು, ಅದಕ್ಕೆ ಹಾಕಿಕೊಡುವ ನಕ್ಷೆಯಲ್ಲೇ ಎಡವಟ್ಟು. ಸಾಮಾನ್ಯವಾಗಿ ಆ ನಕ್ಷೆಯನ್ನು ಕಚೇರಿಯ ಕುರ್ಚಿಗಳನ್ನು ನೋಡಿ ಬರೆಯುತ್ತಾರೆ: ಆಡಳಿತಕ್ಕೆ ಒಂದು ಒತ್ತಿ, ಲೆಕ್ಕಪತ್ರಕ್ಕೆ ಎರಡು, ಮಾರಾಟಕ್ಕೆ ಮೂರು. ಕರೆ ಮಾಡುವವರಿಗೆ ಈ ವಿಭಾಗಗಳು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಡಾಕ್ಟರು ಇವತ್ತು ಇದ್ದಾರೋ, ಚಿನ್ನದ ಸಾಲಕ್ಕೆ ಕೊನೆಯ ದಿನ ಯಾವತ್ತು, ಲಾರಿ ಹೊರಟಿತೋ ಇಲ್ಲವೋ, ಅವರಿಗೆ ಬೇಕಾದದ್ದು ಇಷ್ಟೇ. ನಕ್ಷೆ ಈ ಪ್ರಶ್ನೆಗಳಿಂದಲೇ ಹುಟ್ಟಬೇಕು. ತಂತ್ರಾಂಶ ಕೊಳ್ಳುವ ಮುನ್ನ ಎರಡು ವಾರ ಫೋನಿನ ಪಕ್ಕ ಒಂದು ಪುಸ್ತಕ ಇಟ್ಟು, ಯಾರು, ಯಾವ ಹೊತ್ತಿಗೆ, ಯಾವ ಭಾಷೆಯಲ್ಲಿ, ಏನು ಕೇಳಿದರು ಎಂದು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಆ ಪುಸ್ತಕ ನಮ್ಮ ಭಾಗದಲ್ಲಿ ಬೇರೆಡೆಗಿಂತ ಹೆಚ್ಚು ಹೇಳುತ್ತದೆ. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ. ಆದರೆ ಬೈಂದೂರಿನ ಸ್ಥಿರ ದೂರವಾಣಿ ಇಂದಿಗೂ ಕುಂದಾಪುರದ 08254ರಲ್ಲಿದೆ, ಬ್ರಹ್ಮಾವರದ್ದು ಉಡುಪಿಯ 0820ರಲ್ಲಿ. ಕೋಡ್ ನೋಡಿ ಕರೆಯನ್ನು ಹತ್ತಿರದ ಶಾಖೆಗೆ ಕಳಿಸುತ್ತೇವೆ ಎಂಬ ಲೆಕ್ಕಾಚಾರ ಇಲ್ಲಿ ಬಹಳ ದೂರ ಸಾಗದು. ಶಿರೂರಿನ ತಾಯಿಯ ಖಾತೆಯ ಬಗ್ಗೆ ವಿಚಾರಿಸುವ ಮಗ ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾನೆ. ಭಾಷೆಯದ್ದೂ ಹಾಗೆಯೇ. ಮೊದಲ ದನಿ ಕನ್ನಡದ್ದೇ ಇರಬೇಕು, ಅದರಲ್ಲಿ ರಾಜಿ ಬೇಡ. ಎರಡನೆಯದನ್ನು ಮಾತ್ರ ಆ ಪುಸ್ತಕ ತೀರ್ಮಾನಿಸಲಿ: ಕೇರಳದ ಭಕ್ತರು ತುಂಬಿ ಬರುವ ಕೊಲ್ಲೂರಿನ ವಸತಿಗೃಹಕ್ಕೆ ಮಲಯಾಳ ಬೇಕು, ಬ್ರಹ್ಮಾವರದ ಕ್ಲಿನಿಕ್ಕಿಗೆ ತುಳು. ಮಾತನ್ನೇ ಅರ್ಥಮಾಡಿಕೊಳ್ಳುವ ಯಂತ್ರ ತರುತ್ತೇವೆ ಎನ್ನುವವರು, ಅದು "ಕರೆಂಟ್ ಯಾವಾಗ ಬತ್ತ್?" ಎಂಬ ಕುಂದಾಪ್ರ ಕನ್ನಡವನ್ನು ಹಿಡಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಲಿ. ಅಲ್ಲಿಯವರೆಗೆ ಅಂಕಿ ಒತ್ತುವುದೇ ಕ್ಷೇಮ.

ಇನ್ನು ಹಂತಗಳು ಎಷ್ಟಿರಬೇಕು? ದೂರಸಂಪರ್ಕ ಕಂಪನಿಗಳಿಗೆ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮಾವಳಿಯಲ್ಲಿ ಮೊದಲ ಹಂತ ಭಾಷೆಯ ಆಯ್ಕೆ, ಎರಡನೆಯದು ಕೆಲಸದ ಬಗೆ, ಮೂರನೆಯದರಲ್ಲಿ ಸಿಬ್ಬಂದಿಯೊಡನೆ ಮಾತಾಡುವ ಅವಕಾಶ. ಕೋಟಿಗಟ್ಟಲೆ ಗ್ರಾಹಕರಿರುವವರಿಗೇ ಮೂರು ಸಾಕಾದರೆ ಕುಂದಾಪುರದ ಒಂದು ಸಂಘಕ್ಕೆ ಎರಡು ಧಾರಾಳ. ಮನುಷ್ಯರನ್ನು ತಲುಪುವ ಗುಂಡಿಯನ್ನು ಮೊದಲೇ ಹೇಳಿಬಿಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ, ಮತ್ತೆ ಯಂತ್ರ ಏಕೆ ಎಂಬ ಆಕ್ಷೇಪ ಇದೆ. ಇದಕ್ಕೆ ಉತ್ತರ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಅವರ ಲೆಕ್ಕದಲ್ಲಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1917ರಲ್ಲಿ ಪ್ರಕಟಿಸಿದ ಸೂತ್ರಗಳ ಮೇಲೆಯೇ ಕಾಲ್ ಸೆಂಟರುಗಳ ಲೆಕ್ಕಾಚಾರ ಇಂದಿಗೂ ನಿಂತಿದೆ. ಗಂಟೆಗೆ 60 ಕರೆ, ಒಂದೊಂದಕ್ಕೆ ಮೂರು ನಿಮಿಷ ಎಂದಿಟ್ಟುಕೊಳ್ಳಿ. ಒಟ್ಟು 180 ನಿಮಿಷ, ಮೂವರ ಕೆಲಸ. ಆದರೆ ಕರೆಗಳು ಸರದಿಯಲ್ಲಿ ಬರುವುದಿಲ್ಲ, ಒಟ್ಟೊಟ್ಟಿಗೆ ಮುಗಿಬೀಳುತ್ತವೆ. ಹಾಗಾಗಿ ಮೂವರೇ ಇದ್ದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ನಾಲ್ವರಿದ್ದರೂ ಅರ್ಧದಷ್ಟು ಮಂದಿ ಕಾಯಬೇಕು. ಅದೇ 60ರಲ್ಲಿ 20 ಕರೆಗಳಿಗೆ, "ಇವತ್ತು ಮೂಳೆ ಡಾಕ್ಟರು ನಾಲ್ಕು ಗಂಟೆಯ ಮೇಲೆ ಸಿಗುತ್ತಾರೆ" ಎಂಬಂಥ ಧ್ವನಿಮುದ್ರಿತ ಉತ್ತರವೇ ಸಾಕಾಯಿತೆನ್ನಿ. ಆಗ ಅದೇ ನಾಲ್ವರ ಮುಂದೆ ಕಾಯುವವರು ಸುಮಾರು ಆರರಲ್ಲೊಬ್ಬರಿಗೆ ಇಳಿಯುತ್ತಾರೆ. ಉತ್ತರ ಮೊದಲೇ ಕಿವಿಗೆ ಬಿದ್ದವರು ಆ ಗುಂಡಿ ಒತ್ತುವ ಗೋಜಿಗೆ ಹೋಗುವುದಿಲ್ಲ. ಒತ್ತುವವರು ನಿಜವಾಗಿ ಮನುಷ್ಯರ ಮಾತು ಬೇಕಾದವರು, ಅವರಿಗೆ ಅದು ಸಿಗಲೇಬೇಕು.

ಎಲ್ಲರ ಕೈಯಲ್ಲೂ ವಾಟ್ಸ್ಯಾಪ್ ಇರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ಓದಿ ಟೈಪ್ ಮಾಡುವ ಅಭ್ಯಾಸವಿಲ್ಲದ ಹಿರಿಯರಿಗೆ, ಕಣ್ಣು ಮಂಜಾದವರಿಗೆ, ಗಂಗೊಳ್ಳಿಯಲ್ಲಿ ಒದ್ದೆ ಕೈಯಲ್ಲಿ ಬಲೆ ಹಿಡಿದವರಿಗೆ ಇಂದಿಗೂ ಕರೆಯೇ ಸುಲಭ. ಇಬ್ಬರೇ ಇರುವ ಅಂಗಡಿಗೆ ಮೆನು ಬೇಡ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ. ಅಲ್ಲಿ ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಗುವಂತೆ ಮಾಡಿದರೆ ಸಾಕು, ಅದೂ ಕರೆ ನಿರ್ವಹಣೆಯೇ.

ಮಳೆಗಾಲದ ನಕ್ಷೆ ಬೇರೆಯೇ ಇರಬೇಕು. ಗಾಳಿಮಳೆಗೆ ಲೈನು ಹರಿದರೆ ಮೆಸ್ಕಾಂನ 1912ಕ್ಕೆ ನೂರಾರು ಮನೆಗಳಿಂದ ಹೋಗುವುದು ಒಂದೇ ಪ್ರಶ್ನೆ. ಅಂಥ ದಿನ ಮೆನುವಿಗೂ ಮೊದಲು, ಯಾವ ಊರಿನ ಲೈನು, ಎಷ್ಟು ಹೊತ್ತಿಗೆ ಸರಿಯಾದೀತು ಎಂಬ ಒಂದು ವಾಕ್ಯ ಕೇಳಿಸಿದರೆ ಸಾಲು ತಾನೇ ಕರಗುತ್ತದೆ. ಬಸ್ಸು, ದೋಣಿ, ಆಸ್ಪತ್ರೆಗಳಿಗೂ ಇದೇ ಅನ್ವಯ. ಆದರೆ ಅಂಥ ದಿನ ವ್ಯವಸ್ಥೆಯೇ ನಿಂತುಹೋಗಬಾರದು. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಸ್ಥಾಪಿಸಿದಾಗ, ಅದನ್ನು ಹವಾನಿಯಂತ್ರಣ ಇಲ್ಲದೆಯೇ ಹಳ್ಳಿಯ ಸೆಕೆ, ಧೂಳಿನಲ್ಲಿ ನಡೆಯುವಂತೆ ರೂಪಿಸಿತ್ತು. ಕರಾವಳಿಯಲ್ಲಿ ಆ ಮುಂದಾಲೋಚನೆ ಎಂದರೆ ಕರೆಂಟು ಹೋದಾಗಲೂ ಕರೆ ದಾರಿ ತಪ್ಪದಿರುವುದು. ಮೇ ಕೊನೆಗೊಮ್ಮೆ ಕಚೇರಿಯ ಮೇನ್ ಸ್ವಿಚ್ ಆರಿಸಿ ಹೊರಗಿನಿಂದ ಕರೆ ಮಾಡಿ ನೋಡಬೇಕು: ಯಾರ ಮೊಬೈಲ್ ರಿಂಗಾಯಿತು, ಅವರು ಎತ್ತಿದರೇ, ಕೇಳಿದ್ದಕ್ಕೆ ಅವರ ಬಳಿ ಉತ್ತರ ಇತ್ತೇ.