ಆಟ-ನೋಟ: ಹಳದಿ ಅಂಗಿಯ ಕಾವಲುಗಾರರು

ಸೈಕಲ್ ಪಂದ್ಯವೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮುಂಬಯಿ-ಪುಣೆ ರೇಸ್. ಪನ್ವೆಲ್, ಖೋಪೋಲಿ ದಾಟಿ ಬೋರ್ ಘಾಟ್ ಹತ್ತಬೇಕು. ಘಾಟಿಯ ತುದಿಯನ್ನು ಮೊದಲು ಮುಟ್ಟಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಪುಣೆಯ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಮೂರು ವಾರ ನಡೆಯುವ ಟೂರ್ ಡಿ ಫ್ರಾನ್ಸ್‌ನ ಲೆಕ್ಕವೇ ಬೇರೆ. 21 ಹಂತ, ಸುಮಾರು 3,400 ಕಿಲೋಮೀಟರು. ದಿನದಿನದ ಸಮಯವನ್ನು ಕೂಡಿಸುತ್ತಾರೆ. ಯಾರ ಮೊತ್ತ ಎಲ್ಲರಿಗಿಂತ ಕಡಿಮೆಯೋ ಅವನ ಮೈಮೇಲೆ ಹಳದಿ ಅಂಗಿ. 1990ರಲ್ಲಿ ಗ್ರೆಗ್ ಲೆಮಾಂಡ್ ಒಂದೇ ಒಂದು ಹಂತವನ್ನೂ ಗೆಲ್ಲದೆ ಟೂರ್ ಗೆದ್ದುಬಿಟ್ಟ!

ಅಂಗಿ ತೊಡುವುದು ಒಂದು ಸಾಹಸ, ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಒಬ್ಬನಿಂದ ಆಗುವ ಕೆಲಸವಲ್ಲ. ಕಾರಣ ಗಾಳಿ. ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಮುಂಜಾನೆ ಸೈಕಲ್ ತುಳಿಯುವ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಹಿಂಬದಿಗೆ ಅಂಟಿಕೊಂಡವನಿಗೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಬೆಳಗಿನ ಡೊಂಬಿವಲಿ ಲೋಕಲ್‌ಗೆ ಗಟ್ಟಿಮುಟ್ಟಾದ ಗೆಳೆಯನನ್ನು ಮುಂದೆ ಬಿಟ್ಟು, ಅವನ ಬೆನ್ನಿಗೇ ನಾವು ನುಗ್ಗುವುದಿಲ್ಲವೇ, ಹಾಗೆ.

ಟೂರ್‌ನಲ್ಲಿ ಈಗ ತಂಡಕ್ಕೆ ಎಂಟು ಸವಾರರು. ನಾಯಕನೊಬ್ಬ, ಉಳಿದ ಏಳು ಮಂದಿ ಅವನಿಗಾಗಿ. ಇಂಥವರನ್ನು ಫ್ರೆಂಚರು ‘ಡೊಮೆಸ್ಟಿಕ್’ ಎನ್ನುತ್ತಾರೆ, ಎಂದರೆ ಮನೆಯಾಳು. ಹೆಸರು ನನಗೇನೂ ಹಿಡಿಸಿಲ್ಲ, ಕೆಲಸ ಮಾತ್ರ ದೊಡ್ಡದು. ಕಾರಿನಿಂದ ನೀರಿನ ಬಾಟಲಿ ತರುವುದು, ನಾಯಕನ ಚಕ್ರ ಕೆಟ್ಟರೆ ತನ್ನದನ್ನು ಬಿಚ್ಚಿಕೊಡುವುದು, ಗಂಟೆಗಟ್ಟಲೆ ಗಾಳಿಗೆ ಎದೆ ಕೊಡುವುದು.

ಇವರು ಎದುರಾಳಿಗಳನ್ನೆಲ್ಲ ಬೆನ್ನಟ್ಟುತ್ತಾರೆಂದು ತಿಳಿಯಬೇಡಿ. ಹಾಗೆ ಮಾಡಿದರೆ ಮೂರೇ ದಿನದಲ್ಲಿ ತಂಡ ನೆಲಕಚ್ಚೀತು. ಒಟ್ಟು ಲೆಕ್ಕದಲ್ಲಿ ಅರ್ಧ ಗಂಟೆ ಹಿಂದಿರುವ ನಾಲ್ಕೈದು ಮಂದಿ ಮುಂದೆ ಓಡಿದರೆ ‘ಹೋಗಲಿ ಬಿಡಿ’ ಎಂದು ಬಿಡುತ್ತಾರೆ; ಅಂತರ ಐದಾರು ನಿಮಿಷ ಮೀರದಂತೆ ಕಣ್ಣಿಟ್ಟು ಒಂದೇ ಲಯದಲ್ಲಿ ತುಳಿಯುತ್ತಾರೆ. ಹತ್ತು ಕಿಲೋಮೀಟರಿಗೆ ಒಂದು ನಿಮಿಷದಂತೆ ಅಂತರ ಕರಗಿಸಬಹುದೆಂಬುದು ಹಳೆಯ ಲೆಕ್ಕಾಚಾರ. ಸಮತಟ್ಟು ರಸ್ತೆಯಾದರೆ, ಕೊನೆಯ ಓಟದಲ್ಲಿ ಗೆಲ್ಲಬೇಕೆನ್ನುವ ಬೇರೆ ತಂಡಗಳೂ ತಮ್ಮ ಸ್ವಾರ್ಥಕ್ಕಾಗಿಯೇ ಬಂದು ಎಳೆಯುತ್ತವೆ. ಹಾಗೆ ಬೇರೆಯವರಿಂದ ದುಡಿಸಿಕೊಳ್ಳುವುದರಲ್ಲೇ ಜಾಣತನ.

ಕೆಲವೊಮ್ಮೆ ಅಂಗಿಯನ್ನು ಬೇಕೆಂದೇ ಬಿಟ್ಟುಕೊಡುವುದೂ ಉಂಟು. 2006ರಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಮುಂದಿದ್ದ. ಅವನ ಫೋನಾಕ್ ತಂಡ ಬಸವಳಿದಿತ್ತು. 13ನೆಯ ಹಂತದಲ್ಲಿ ಓಡಿಹೋದವರ ಗುಂಪಿನಲ್ಲಿ 28 ನಿಮಿಷಕ್ಕೂ ಹೆಚ್ಚು ಹಿಂದಿದ್ದ ಸ್ಪೇನಿನ ಆಸ್ಕರ್ ಪೆರೇರೊ ಇದ್ದ. ‘ಇವನಿಂದೇನು ಅಪಾಯ, ಕಾವಲಿನ ಹೊರೆ ಕೆಲವು ದಿನ ಅವನ ತಂಡವೇ ಹೊರಲಿ’ ಎಂದು ಬಿಟ್ಟರು. ಆ ಗುಂಪು 29 ನಿಮಿಷ 57 ಸೆಕೆಂಡು ಮುಂಚೆ ಗುರಿ ಮುಟ್ಟಿತು. ಪೆರೇರೊ ಹಳದಿ ಅಂಗಿ ತೊಟ್ಟ. ಲ್ಯಾಂಡಿಸ್ ಕೊನೆಗೆ ಅದನ್ನು ಮರಳಿ ಪಡೆದು ಪ್ಯಾರಿಸ್ ತಲುಪಿದನೇನೋ ಸರಿ, ಆದರೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಪ್ರಶಸ್ತಿ ಪೆರೇರೊ ಪಾಲಾಯಿತು.

ಬೆಟ್ಟದಲ್ಲಿ ಆಟ ಬದಲಾಗುತ್ತದೆ. ಥಾಣೆಯ ಯೇವೂರಿನ ಏರು ಹತ್ತಿದವರಿಗೆ ಗೊತ್ತು, ವೇಗ ಕಡಿಮೆಯಾದಂತೆ ಗಾಳಿಯ ಮರೆಯ ಲಾಭವೂ ಕಡಿಮೆ. ಅಲ್ಲಿ ಜೊತೆಗಾರರ ಕೆಲಸ ಬೇರಾರೂ ಹಾರಿಹೋಗದಷ್ಟು ಕಠಿಣ ಲಯ ಹಿಡಿಯುವುದು, ಯಾರಾದರೂ ಹಾರಿದರೆ ನಾಯಕ ತಾನೇ ಬೆನ್ನಟ್ಟದಂತೆ ನೋಡಿಕೊಳ್ಳುವುದು. ಜೊತೆಗಾರರಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2022ರ 11ನೆಯ ಹಂತ ತೋರಿಸಿತು. ತದೇಯ್ ಪೊಗಾಚಾರ್ ಹಳದಿ ಅಂಗಿಯಲ್ಲಿದ್ದ, 39 ಸೆಕೆಂಡು ಹಿಂದೆ ಯೋನಾಸ್ ವಿಂಗೆಗಾರ್ಡ್. ಗಾಲಿಬಿಯೆ ಬೆಟ್ಟದ ದಾರಿಯಲ್ಲಿ ವಿಂಗೆಗಾರ್ಡ್ ಮತ್ತು ಅವನ ತಂಡದ ಪ್ರಿಮೋಜ್ ರೋಗ್ಲಿಚ್ ಸರದಿಯ ಮೇಲೆ ಮುನ್ನುಗ್ಗಿದರು. ಪ್ರತಿ ಬಾರಿಯೂ ಬೆನ್ನಟ್ಟಬೇಕಾದವನು ಪೊಗಾಚಾರ್ ಒಬ್ಬನೇ. ಗ್ರಾನೋನ್ ಬೆಟ್ಟದ ಕೊನೆಯ ಏರಿನಲ್ಲಿ ಅವನ ಕಾಲು ಸೋತವು. ವಿಂಗೆಗಾರ್ಡ್‌ಗಿಂತ 2 ನಿಮಿಷ 51 ಸೆಕೆಂಡು ತಡವಾಗಿ ಬಂದ. ಕೋವಿಡ್, ಗಾಯ ಎಂದು ತಂಡ ಸೊರಗುತ್ತಲೇ ಹೋಗಿ ಪ್ಯಾರಿಸ್‌ಗೆ ತಲುಪಿದ್ದು ಅವನೂ ಸೇರಿ ನಾಲ್ವರು.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ: ಇದು ದುಡಿಯುವವನಿಗೆ ಅನ್ಯಾಯವಲ್ಲವೇ? ಸಂಬಳವುಂಟು, ಗೆದ್ದವನು ಬಹುಮಾನದ ಹಣವನ್ನು ಜೊತೆಗಾರರಿಗೆ ಹಂಚುವ ರೂಢಿಯೂ ಉಂಟು. ಕರಾರು ಬಾಯಿಮಾತಿನದಾದಾಗಲೇ ಜಗಳ. 1985ರಲ್ಲಿ ಲೆಮಾಂಡ್ ತನ್ನ ತಂಡದ ಹಿರಿಯ ಬರ್ನಾರ್ ಇನೋಗಾಗಿ ತನ್ನ ಅವಕಾಶ ಬಿಟ್ಟು ಎರಡನೆಯವನಾದ. ‘ಬರುವ ವರ್ಷ ನಿನಗಾಗಿ ನಾನು’ ಎಂದು ಇನೋ ಮಾತು ಕೊಟ್ಟ. 1986 ಬಂದಾಗ ಅವನೇ ಮುನ್ನುಗ್ಗಿ ಐದು ನಿಮಿಷಕ್ಕೂ ಮಿಕ್ಕಿ ಮುಂದೆ ಹೋದ! ಎದುರಾಳಿಗಳನ್ನು ದಣಿಸಲೆಂದೇ ಹಾಗೆ ಮಾಡಿದೆನೆಂದು ಅವನ ಸಮಜಾಯಿಷಿ. ಲೆಮಾಂಡ್ ಅವನನ್ನು ಸೋಲಿಸಿಯೇ ಗೆದ್ದ.

ನಮ್ಮ ಮನೆಗಳಲ್ಲೂ ಈ ಬಾಯಿಮಾತಿನ ಲೆಕ್ಕ ಇದ್ದದ್ದೇ. ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿ ಶಾಲೆಯಲ್ಲಿ ಕಲಿತ ಅಣ್ಣಂದಿರು ತಮ್ಮ ತಂಗಿಯರಿಗಾಗಿ ಗಾಳಿಗೆ ಎದೆಯೊಡ್ಡಿದವರು. ಅವರ ಶ್ರಮವನ್ನು ಮಕ್ಕಳು ಮರೆಯಬಾರದು, ನಿಜ. ಆದರೆ ‘ನಿಮಗಾಗಿ ನಾವು ಇಷ್ಟು ಮಾಡಿದೆವು, ಆದ್ದರಿಂದ ನಾವು ಹೇಳಿದ ಕೋರ್ಸನ್ನೇ ಓದಿ’ ಎಂದು ವರ್ಷಗಳ ಮೇಲೆ ಬಿಲ್ಲು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಮಾತಿಗೆ ಹಿರಿಯರು ಮುನಿದರೆ ಮುನಿಯಲಿ.

ಭಾನುವಾರ ಪಾಮ್ ಬೀಚ್ ಕಡೆ ಹೋಗುವವರು ನಾಲ್ವರ ಸಾಲು ಕಟ್ಟಿ ನೋಡಿ. ಎರಡೆರಡು ನಿಮಿಷಕ್ಕೆ ಮುಂದಿನವನು ಪಕ್ಕಕ್ಕೆ ಸರಿದು ಹಿಂದೆ ಬರಲಿ. ಹೆಲ್ಮೆಟ್ ಇರಲಿ, ಚಕ್ರಕ್ಕೆ ಚಕ್ರ ತಾಗದಷ್ಟು ಅಂತರವಿರಲಿ. ಹೊಂಡ ಕಂಡರೆ ಮುಂದಿರುವವನು ಕೈಮಾಡಿ ತೋರಿಸಬೇಕು. ಹಿಂದಿನವರಿಗೆ ಕಾಣುವುದು ಅವನ ಬೆನ್ನು ಮಾತ್ರ.