ಸ್ವಾಯತ್ತ ಜಾಲಗಳ ಹೊಂದಾಣಿಕೆ

ಮೇಲೊಬ್ಬ ಯಜಮಾನನಿಲ್ಲದೆ ಸ್ವತಂತ್ರ ಸಂಸ್ಥೆಗಳು ಒಂದು ಕಾರ್ಯವನ್ನು ಕೂಡಿ ನಡೆಸಬಲ್ಲವೇ ಎಂಬ ಪ್ರಶ್ನೆ ಉಡುಪಿಗೆ ಹೊಸದಲ್ಲ. ಪ್ರತ್ಯೇಕ ಪೀಠ, ಪ್ರತ್ಯೇಕ ಆಸ್ತಿ, ಪ್ರತ್ಯೇಕ ಆಡಳಿತವುಳ್ಳ ಅಷ್ಟಮಠಗಳು, ಕೃಷ್ಣಪೂಜೆಯ ಎರಡು ತಿಂಗಳ ಸರದಿಯನ್ನು ಯತಿ ವಾದಿರಾಜರು 16ನೇ ಶತಮಾನದಲ್ಲಿ ಎರಡು ವರ್ಷಕ್ಕೆ ಹಿಗ್ಗಿಸಿದ ಕ್ರಮದಂತೆ, ಇಂದಿಗೂ ಆ ಸರದಿಯನ್ನು, ಅಂದರೆ ಪರ್ಯಾಯವನ್ನು, ನಡೆಸಿಕೊಂಡು ಬಂದಿವೆ. ಅಲ್ಲಿ ಪಾಲುದಾರರು ಎಂಟೇ ಆದ್ದರಿಂದ ಪರಸ್ಪರ ಪರಿಚಯವೇ ಜಾಮೀನಾಗಿ ಒದಗುತ್ತದೆ. ಅಂತರ್ಜಾಲವಾದರೋ ಸ್ವಾಯತ್ತ ಜಾಲಗಳೆನಿಸಿದ, ಅಂದರೆ ತಮ್ಮೊಳಗಿನ ದಾರಿಗಳನ್ನು ತಾವೇ ನಿರ್ಧರಿಸುವ, 70 ಸಾವಿರಕ್ಕೂ ಹೆಚ್ಚು ಘಟಕಗಳ ಕೂಟವಾಗಿದ್ದು, ಇವುಗಳಲ್ಲಿ ಬಹುಪಾಲು ಒಂದನ್ನೊಂದು ಅರಿಯವು.

ಇವನ್ನು ಬೆಸೆಯುವುದು 1989ರಲ್ಲಿ ರೂಪುಗೊಂಡ ಬಿಜಿಪಿ ಎಂಬ ನಿಯಮಾವಳಿ. ಇಂತಿಂಥ ಐಪಿ ವಿಳಾಸಗಳಿಗೆ ತನ್ನ ಮೂಲಕ ದಾರಿಯಿದೆಯೆಂದು ಪ್ರತಿಯೊಂದು ಜಾಲವೂ ನೆರೆಯ ಜಾಲಕ್ಕೆ ಸಾರುತ್ತದೆ, ನೆರೆಯದು ಅದನ್ನು ನಂಬಿ ಮುಂದಕ್ಕೆ ತಿಳಿಸುತ್ತದೆ. ಈ ನಂಬಿಕೆಯ ದೌರ್ಬಲ್ಯ 2008ರ ಫೆಬ್ರವರಿ 24ರಂದು ಬಯಲಾಯಿತು. ಯೂಟ್ಯೂಬನ್ನು ದೇಶದೊಳಗೆ ತಡೆಯಹೊರಟ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬ್ ಸಾರಿದ್ದ 1,024 ವಿಳಾಸಗಳ ಗುಂಪಿನೊಳಗಿನ 256 ವಿಳಾಸಗಳನ್ನು ತನ್ನವೆಂದು ಸಾರಿತು. ಕಿರಿದಾದ, ಹೆಚ್ಚು ನಿರ್ದಿಷ್ಟವಾದ ಗುಂಪನ್ನೇ ಆಯುವುದು ರೂಟರ್‌ಗಳ ನಿಯಮವಾದ್ದರಿಂದ, ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗದೆ ಹೋಯಿತು. ಯಾವ ವಿಳಾಸವನ್ನು ಸಾರಲು ಯಾವ ಜಾಲಕ್ಕೆ ಹಕ್ಕಿದೆಯೆಂದು ಡಿಜಿಟಲ್ ಸಹಿಯೊಡನೆ ದಾಖಲಿಸುವ ಆರ್‌ಪಿಕೆಐ ವ್ಯವಸ್ಥೆ ಈ ಕೊರತೆಯನ್ನು ಅರ್ಧ ಮಾತ್ರ ತುಂಬುತ್ತದೆ. ಅದು ಮೂಲವನ್ನು ಪರಿಶೀಲಿಸುತ್ತದೆಯೇ ಹೊರತು ನಡುದಾರಿಯನ್ನಲ್ಲ.

ಸುಳ್ಳು ಸಾರಿಕೆಯಷ್ಟೇ ಗಂಭೀರವಾದದ್ದು ಸುತ್ತುದಾರಿ. ಕಾರ್ಕಳದ ಮನೆಯೂ ಮಣಿಪಾಲದ ಆಸ್ಪತ್ರೆಯೂ ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆದಿದ್ದು, ಆ ಕಂಪನಿಗಳು ಉಡುಪಿ ಜಿಲ್ಲೆಯೊಳಗೆ ಎಲ್ಲಿಯೂ ಕೂಡದಿದ್ದರೆ, ಅವುಗಳ ನಡುವಿನ ದತ್ತಾಂಶ ಘಟ್ಟ ಹತ್ತಿ ಬೆಂಗಳೂರನ್ನೋ ಚೆನ್ನೈಯನ್ನೋ ಮುಟ್ಟಿ ಹಿಂದಿರುಗಬೇಕಾಗುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, ಬೆಂಗಳೂರಿನ 400 ಕಿ.ಮೀ. ಹೋಗಿಬರಲು ತಗಲುವುದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಷ್ಟೆ. ಆದ್ದರಿಂದ ಇಲ್ಲಿ ಚಿಂತೆಗೆ ಕಾರಣ ವಿಳಂಬವಲ್ಲ, ಮಳೆಗಾಲದ ಭೂಕುಸಿತಕ್ಕೆ ಘಟ್ಟದ ಕೇಬಲ್ ತುಂಡಾದರೆ ಒಂದೇ ಜಿಲ್ಲೆಯ ಎರಡು ಊರುಗಳ ಸಂಪರ್ಕವೇ ಕಡಿಯಬಹುದೆಂಬುದು.

ದೇಶದೊಳಗಿನ ಸಂಚಾರ ದೇಶದೊಳಗೇ ವಿನಿಮಯವಾಗಲೆಂದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆಯ ತರ್ಕ ಜಿಲ್ಲೆಗೂ ಒಪ್ಪುತ್ತದೆ. ಆದರೆ ವಿನಿಮಯ ಕೇಂದ್ರವನ್ನು ಕಟ್ಟಿದ ಮಾತ್ರಕ್ಕೆ ಕೆಲಸವಾಗದು. ಕಾಪುವಿನ ಕೇಬಲ್‌ನವನಿಗೆ ಅಲ್ಲಿ ಲಾಭವಿದೆ. ಅವನಿಗೆ ಸಂಪರ್ಕವನ್ನು ಮಾರುವ ದೊಡ್ಡ ಕಂಪನಿಗೆ ಅದೇ ಸಂಚಾರವನ್ನು ಪುಕ್ಕಟೆ ವಿನಿಮಯ ಮಾಡಿಕೊಳ್ಳುವುದು ನಷ್ಟ, ಹಾಗಾಗಿ ಅದು ತಾನಾಗಿ ಬರುವುದಿಲ್ಲ. ಯಾವ ದಾರಿ ಹಿಡಿಯಬೇಕೆಂಬ ಆಯ್ಕೆ ಕಂಪನಿಗಳಿಗೇ ಇರಲಿ, ಆದರೆ ಜಿಲ್ಲೆಯೊಳಗಿನ ಸಂಚಾರವನ್ನು ಜಿಲ್ಲೆಯೊಳಗೇ ವಿನಿಮಯ ಮಾಡಿಕೊಳ್ಳುವುದನ್ನು ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತಾಗಿಯೇ ವಿಧಿಸಬೇಕು.